ದೊಡ್ಡಮನಿಯಿಂದ ಬಂದ ಜಂಟಿ ಅರ್ಜಿ

೧೯೯೯ರಲ್ಲಿ ನಾನು ಪುಣೆಯ ಕುಟುಂಬ ನ್ಯಾಯಾಲಯದಲ್ಲಿ ವಿವಾಹ ಸಮಾಲೋಚಕಿಯಾಗಿದ್ದೆ. ಆ ಹುದ್ದೆಗೆ ಬಂದು ಎಂಟು ವರ್ಷವಾಗಿತ್ತು. ಗಂಡ ಹೆಂಡತಿಯರ ಅರ್ಜಿ ಬಂದರೆ ನ್ಯಾಯಾಧೀಶರು ಅದನ್ನು ಮೊದಲು ನಮ್ಮ ಕೋಣೆಗೆ ಕಳಿಸುತ್ತಿದ್ದರು. ಇಬ್ಬರನ್ನೂ ಕೂಡಿಸಿ, ಆಮೇಲೆ ಒಬ್ಬೊಬ್ಬರನ್ನೇ ಕರೆದು ಮಾತಾಡಿಸಿ, ಸಂಸಾರ ಕೂಡಿಬರುವ ಹಾಗಿದೆಯೇ, ಇಲ್ಲದಿದ್ದರೆ ಮಕ್ಕಳ ವ್ಯವಸ್ಥೆ ಏನು ಎಂದು ವರದಿ ಕೊಡುವುದು ನಮ್ಮ ಕೆಲಸ. ವಕೀಲರು ಆ ಕೋಣೆಗೆ ಬರುವಂತಿರಲಿಲ್ಲ. ನ್ಯಾಯಾಲಯದಲ್ಲಿ ಎಲ್ಲವೂ ಮರಾಠಿ. ನಾನು ಬಿಜಾಪುರದಿಂದ ಮದುವೆಯಾಗಿ ಬಂದವಳೆಂದು ಎಲ್ಲರಿಗೂ ಗೊತ್ತಿದ್ದರಿಂದ, ಕನ್ನಡದವರ ಫೈಲು ಬಂದರೆ ಗುಮಾಸ್ತರು ಕೇಳದೆಯೇ ನನ್ನ ಮೇಜಿಗೆ ತಂದಿಡುತ್ತಿದ್ದರು.

ಆ ವರ್ಷದ ಜೂನ್ ತಿಂಗಳಲ್ಲಿ ಹಾಗೆ ಬಂದ ಒಂದು ಫೈಲಿನ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಹೆಸರುಗಳನ್ನು ಬದಲಿಸಿದ್ದೇನೆ. ಗಂಡ ಸಿದ್ರಾಮ, ಮೂವತ್ತಮೂರು ವರ್ಷ. ಆಳಂದದ ಕಡೆಯವನು. ಕುರಕುಂಭದ ಒಂದು ಕೆಮಿಕಲ್ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದ. ಹೆಂಡತಿ ಕಸ್ತೂರಿ, ಇಪ್ಪತ್ತೇಳು. ಪುಣೆ ಕ್ಯಾಂಪಿನಲ್ಲಿ ಒಬ್ಬ ವಿಧವೆಯ ಮನೆಯಲ್ಲಿದ್ದು ಶಾಲಾ ಸಮವಸ್ತ್ರ ಹೊಲಿಯುತ್ತಿದ್ದಳು. ಇಬ್ಬರೂ ಸೇರಿ ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಅರ್ಜಿ ಹಾಕಿದ್ದರು. ನಾವು ಅದನ್ನು ಮ್ಯೂಚುಯಲ್ ಕನ್ಸೆಂಟ್ ಅನ್ನುತ್ತಿದ್ದೆವು. ಅದಕ್ಕೆ ಇಬ್ಬರೂ ಕನಿಷ್ಠ ಒಂದು ವರ್ಷ ಬೇರೆಯಾಗಿ ಬದುಕಿರಬೇಕು. ಅರ್ಜಿ ಹಾಕಿದ ಮೇಲೂ, ಮನಸ್ಸು ಬದಲಾದರೆ ಬದಲಾಗಲಿ ಎಂದು ಕಾನೂನು ಆರು ತಿಂಗಳು ಕಾಯಿಸುತ್ತದೆ.

ನಮ್ಮ ಕೋಣೆಯಲ್ಲಿ ಸಾಮಾನ್ಯವಾಗಿ ಯಾರು ಮೊದಲು ಮಾತಾಡಬೇಕೆಂಬುದಕ್ಕೇ ಜಗಳ. ಇವರಿಬ್ಬರೂ ಬೆಂಚಿನ ಮೇಲೆ ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು, ಕೇಳುವವರೆಗೆ ಸುಮ್ಮನೆ ಕೂತಿದ್ದರು. ನಾನು ಫಾರಂ ತುಂಬತೊಡಗಿದೆ.

"ಎಷ್ಟು ದಿನದಿಂದ ಬ್ಯಾರೆ ಇದ್ದೀರಿ?"

"ಐದು ವರ್ಷಾತ್ರಿ," ಅಂದ ಸಿದ್ರಾಮ.

"ಯಾಕ?"

"ಆಯಿ ಹೇಳಿದ್ರು."

ಮರಾಠಿಯಲ್ಲಿ ಆಯಿ ಅಂದರೆ ತಾಯಿ. ಅತ್ತೆಯ ಕಾಟದ ಪ್ರಕರಣ ಎಂದು ಟಿಪ್ಪಣಿ ಮಾಡಿಕೊಂಡು ಮುಂದಿನ ಕಾಲಂಗೆ ಹೋದೆ. ಮಕ್ಕಳು? "ಇಲ್ರಿ," ಅಂದ. ನಾನು ಅಲ್ಲಿ ಅಡ್ಡಗೆರೆ ಎಳೆದೆ.

ಅರ್ಧ ಗಂಟೆಯ ನಂತರ ಸಿದ್ರಾಮನನ್ನು ಹೊರಗೆ ಕೂಡಿಸಿ ಕಸ್ತೂರಿಯೊಬ್ಬಳನ್ನೇ ಮಾತಾಡಿಸಿದಾಗ ನನ್ನ ಟಿಪ್ಪಣಿ ಪೂರ್ತಿ ತಪ್ಪೆಂದು ತಿಳಿಯಿತು. ಆಯಿ ಅನ್ನುವಾಕೆ ಯಾರ ಅತ್ತೆಯೂ ಅಲ್ಲ. ಸೊಲ್ಲಾಪುರ ರಸ್ತೆಯಿಂದ ಒಳಗೆ ಒಂದು ಧಾರ್ಮಿಕ ಪಂಗಡವನ್ನು ನಡೆಸುತ್ತಿದ್ದ ಹೆಂಗಸು. ಅಲ್ಲಿದ್ದವರು ತಮ್ಮ ಜಾಗವನ್ನು ದೊಡ್ಡಮನಿ ಅನ್ನುತ್ತಿದ್ದರು. ಮುನ್ನೂರರಷ್ಟು ಜನರಿದ್ದರಂತೆ. ಬಹಳಷ್ಟು ಮಂದಿ ನಮ್ಮ ಕಡೆಯಿಂದ ಕಟ್ಟಡದ ಕೆಲಸಕ್ಕೆ, ಕಾರ್ಖಾನೆಗೆ ಬಂದವರು.

ಅವರು ಅಲ್ಲಿಗೆ ಸೇರಿದ ಬಗೆಯನ್ನು ಇಬ್ಬರೂ ಬೇರೆ ಬೇರೆಯಾಗಿ ಹೇಳಿದರು. ೧೯೮೮ರಲ್ಲಿ ಸಿದ್ರಾಮನ ಅಣ್ಣ ಕಟ್ಟಡದ ಮೇಲಿಂದ ಬಿದ್ದು ಸತ್ತಾಗ ದೊಡ್ಡಮನಿಯವರು ಬಂದು ಹೆಣ ತೊಳೆದು, ಮಣ್ಣು ಮಾಡಿಸಿ, ಹನ್ನೆರಡು ದಿನ ಊಟ ತಂದುಕೊಟ್ಟಿದ್ದರು. "ಬ್ಯಾರೆ ಯಾರೂ ಬರ್ಲಿಲ್ರಿ," ಎಂದಷ್ಟೇ ಆತ ಹೇಳಿದ್ದು. ಕಸ್ತೂರಿಯ ತಾಯಿ ಗಂಡ ಹೋದ ಮೇಲೆ ಅಡುಗೆಗೆಂದು ಅಲ್ಲಿ ಸೇರಿದ್ದಳು. ಆಗ ಕಸ್ತೂರಿಗೆ ಹದಿನಾಲ್ಕು. ೧೯೯೧ರಲ್ಲಿ ಒಂದು ದಿನ ಭಜನೆ ಮುಗಿದಾಗ ಆಯಿ ಆಕೆಯನ್ನೂ ಸಿದ್ರಾಮನನ್ನೂ ಬೆರಳು ಮಾಡಿ ಎಬ್ಬಿಸಿ ನಿಲ್ಲಿಸಿದಳು. ಅದೇ ಲಗ್ನ. ೧೯೯೪ರಲ್ಲಿ ಅದೇ ರೀತಿ ಬೇರೆಯಾಗಿರಿ ಅಂದಳು. ಸಿದ್ರಾಮ ಗಂಡಸರ ಓಣಿಗೆ ಹೋದ, ಕಸ್ತೂರಿ ಹೆಂಗಸರ ಓಣಿಗೆ.

"ಆವಾಗ ಕೂಸಿಗೆ ಎರಡು ವರ್ಷ," ಅಂದಳು ಕಸ್ತೂರಿ.

ನಾನು ಪೆನ್ನು ನಿಲ್ಲಿಸಿದೆ. "ಕೂಸು? ಮಕ್ಕಳಿಲ್ಲ ಅಂದ್ರಲ್ಲ."

"ಒಬ್ಬಾಕಿ ಅದಾಳ್ರಿ. ನಮ್ಮಾಕಿ ಅಲ್ಲ. ಮನಿಯಾಕಿ."

ದನಿಯಲ್ಲಿ ಏರಿಳಿತವಿರಲಿಲ್ಲ. ಮಗುವಿನ ಹೆಸರು ರೇಣುಕಾ. ಅಲ್ಲಿ ಅದನ್ನು ಬದಲಿಸಿ ಅರ್ಪಿತಾ ಅಂದಿದ್ದರು. ಎರಡು ವರ್ಷ ತುಂಬಿದ ಮಕ್ಕಳು ಮಕ್ಕಳ ಮನೆಯಲ್ಲೇ ಇರಬೇಕು. ಎಲ್ಲರಿಗೂ ಒಬ್ಬಳೇ ತಾಯಿ, ಆಯಿ. ಹೆತ್ತವಳನ್ನು ಮಗು ಬಾಯಿ ಎಂದು ಕರೆಯಬೇಕು, ಬೇರೆ ಹೆಂಗಸರನ್ನು ಕರೆಯುವ ಹಾಗೆ. ಮಗುವನ್ನು ಒಯ್ದ ದಿನ ಕಸ್ತೂರಿ ಅತ್ತಿದ್ದಳು. ಅದಕ್ಕೆ ಇಪ್ಪತ್ತೊಂದು ದಿನ ಮರೆ. ಮರೆ ಅಂದರೆ ಅಲ್ಲಿಯ ಶಿಕ್ಷೆ. ಹೊಡೆಯುವುದಿಲ್ಲ, ಬೈಯುವುದಿಲ್ಲ, ಊಟ ನಿಲ್ಲಿಸುವುದಿಲ್ಲ. ಯಾರೂ ನಿಮ್ಮನ್ನು ನೋಡುವುದಿಲ್ಲ, ಅಷ್ಟೇ. ಎದುರಿಗೆ ಬಂದರೆ ಗಾಳಿ ಬಂದ ಹಾಗೆ ಹಾದುಹೋಗುತ್ತಾರೆ. ಕಸ್ತೂರಿಯ ಹೆತ್ತ ತಾಯಿಯೂ ಹಾಗೇ ಮಾಡಿದಳಂತೆ. "ಮೂರು ದಿನ ಭಾಳ ತ್ರಾಸ ಆತ್ರಿ. ಆಮ್ಯಾಲ ನಂಗೂ ನಾ ಇಲ್ಲಂತ ಅನಿಸ್ತು. ತ್ರಾಸ ಹೋತು," ಅಂದಳು.

ಅವರು ಹೊರಗೆ ಬಂದದ್ದೂ ಧೈರ್ಯದಿಂದಲ್ಲ. ೧೯೯೮ರ ಅಕ್ಟೋಬರಿನಲ್ಲಿ ಕಸ್ತೂರಿಯ ದವಡೆ ಬಾತು, ಬಾಯಿ ತೆರೆಯಲಾಗದೆ ಜ್ವರ ಬಂತು. ಔಷಧಿ ಬೇಡ, ಪ್ರಾರ್ಥನೆಯೇ ಸಾಕು ಎಂಬ ಅಪ್ಪಣೆಯಾಯಿತು. ಆರನೇ ದಿನ ಸಿದ್ರಾಮ ಯಾರನ್ನೂ ಕೇಳದೆ ಆಕೆಯನ್ನು ಬಸ್ಸಿನಲ್ಲಿ ದೌಂಡಿಗೆ ಕರೆದೊಯ್ದು ಹಲ್ಲು ತೆಗೆಸಿದ. ವಾಪಸ್ಸು ಬಂದರೆ ಗೇಟು ತೆರೆಯಲಿಲ್ಲ. ಒಳಗಿನಿಂದ ಕಸ್ತೂರಿಯ ತಾಯಿಯೇ ಬಂದು, "ಆಯಿನ್ನ ಕೇಳಿ ಬರ್ತೀನಿ," ಎಂದು ಹೋದವಳು ತಿರುಗಿ ಬರಲಿಲ್ಲ. ಮಧ್ಯಾಹ್ನದವರೆಗೆ ನಿಂತು, ಆಮೇಲೆ ರಸ್ತೆಯ ಕಡೆ ನಡೆದರು. ಮಗಳು ಒಳಗೇ ಉಳಿದಳು. ಹಾಗಾದರೆ ಈಗ ವಿಚ್ಛೇದನ ಯಾಕೆ ಎಂದು ಕೇಳಿದ್ದಕ್ಕೆ ಸಿದ್ರಾಮ, "ಆಯಿ ಬ್ಯಾರೆ ಇರ್ರಿ ಅಂದಾರಲ್ರಿ. ಕಾಗದ ಆಗಿಲ್ಲ, ಅದಕ್ಕ," ಅಂದ. ಹೊರಬಂದು ಎಂಟು ತಿಂಗಳಾದರೂ ಅವರು ಆಯಿಯ ಕೊನೆಯ ಅಪ್ಪಣೆಯನ್ನು ಪಾಲಿಸುತ್ತಿದ್ದರು.

ನನಗೂ ಒಬ್ಬಳು ಮಗಳಿದ್ದಳು. ಆಗ ಹತ್ತನೇ ತರಗತಿ. ನನ್ನ ಸಿಟ್ಟನ್ನು ನಾನು ಕೋಣೆಯ ಹೊರಗಿಡಬೇಕಿತ್ತು, ಇಡಲಿಲ್ಲ. "ಮಗಳು ನೆನಪಾಗೋದಿಲ್ಲೇನು?" ಎಂದು ಕಸ್ತೂರಿಯನ್ನು ಜೋರಾಗಿಯೇ ಕೇಳಿದೆ. ಆಕೆ ನನ್ನ ಮುಖವನ್ನು ಗಮನವಿಟ್ಟು ನೋಡಿದಳು. ಉತ್ತರ ನನ್ನ ಮುಖದ ಮೇಲೆ ಬರೆದಿರಬಹುದೆಂಬ ಹಾಗೆ.

"ನೆನಪಾಗಬೇಕೇನ್ರಿ?" ಅಂದಳು.

ಎರಡನೇ ಭೇಟಿಯಲ್ಲಿ ನಾನು, ವಿಚ್ಛೇದನ ಬೇಡವೆಂದು ನನಗನಿಸುತ್ತದೆ ಎಂದೆ. ಇಬ್ಬರೂ, "ಹಂಗಾದ್ರ ಬ್ಯಾಡ್ರಿ," ಅಂದರು. ಅನುಮಾನ ಬಂದು ಹತ್ತು ನಿಮಿಷದ ನಂತರ ಮಾತು ತಿರುಗಿಸಿ, ಅಲ್ಲ, ಬೇರೆಯಾಗುವುದೇ ಒಳ್ಳೆಯದೇನೋ ಎಂದೆ. "ಹೌದ್ರಿ," ಅಂದರು. ಎಂಟು ವರ್ಷಗಳಲ್ಲಿ ನನ್ನ ಮಾತಿಗೆ ಅಷ್ಟು ಸುಲಭವಾಗಿ ಯಾರೂ ಒಪ್ಪಿರಲಿಲ್ಲ. ಆಯಿ ಕೂತಿದ್ದ ಜಾಗದಲ್ಲಿ ಅವರು ನನ್ನನ್ನು ಕೂಡಿಸಿದ್ದರು. ಅರ್ಜಿಯ ಮೇಲೆ ಪರಸ್ಪರ ಒಪ್ಪಿಗೆ ಎಂದು ಬರೆದಿತ್ತು. ಒಪ್ಪುವುದನ್ನು ಬಿಟ್ಟು ಬೇರೇನೂ ಬಾರದ ಇವರ ಒಪ್ಪಿಗೆಗೆ ಏನು ಅರ್ಥ ಎಂದು ನನಗೆ ತೋಚಲಿಲ್ಲ.

ಪರಿಚಯದ ಒಬ್ಬ ಮನೋವೈದ್ಯೆಯನ್ನು ಕೇಳಿದೆ. "ಇವರಿಗೆ ಸಮಯ ಬೇಕು. ಏನು ಬೇಕೆಂದು ಕೇಳಿ ಸುಮ್ಮನಿರಿ, ಉತ್ತರ ಮಾತ್ರ ನೀವು ಕೊಡಬೇಡಿ," ಅಂದರು. ಒಳ್ಳೆಯ ಸಲಹೆ. ಆದರೆ ಸಮಯವಿರಲಿಲ್ಲ. ಆಗಸ್ಟಿನಲ್ಲಿ ನಾಲ್ಕನೇ ಭೇಟಿಗೆ ಬಂದ ಸಿದ್ರಾಮ, ದಸರಾ ಮುಗಿದ ಮೇಲೆ ದೊಡ್ಡಮನಿಯ ಮಕ್ಕಳನ್ನೆಲ್ಲ ಬೇರೆ ರಾಜ್ಯದ ಶಾಖೆಗೆ ಒಯ್ಯುತ್ತಾರಂತೆ ಎಂದ. ಜೊತೆಯ ಕೆಲಸಗಾರನೊಬ್ಬನ ಹೆಂಡತಿ ಇನ್ನೂ ಒಳಗಿದ್ದಳು, ಸುದ್ದಿ ಆ ದಾರಿಯಿಂದ ಬಂದಿತ್ತು. ನಾಳೆ ನೀರು ಬಿಡುವುದಿಲ್ಲವಂತೆ ಎನ್ನುವ ಹಾಗೆ ಹೇಳಿದ.

ನಾನು ಆ ದಿನ ವೈದ್ಯೆಯ ಮಾತನ್ನು ಪಕ್ಕಕ್ಕಿಟ್ಟೆ. "ಮಗಳನ್ನ ಕೊಡ್ರಿ ಅಂತ ಅರ್ಜಿ ಹಾಕ್ರಿ," ಅಂದೆ. ಇಬ್ಬರೂ, "ಹೂಂ ರೀ," ಅಂದರು. ಅದು ಅವರ ಇಚ್ಛೆಯಲ್ಲ, ನನ್ನ ಅಪ್ಪಣೆ ಎಂದು ಗೊತ್ತಿದ್ದೂ ಉಚಿತ ಕಾನೂನು ನೆರವಿನ ವಕೀಲರ ಬಳಿ ನಾನೇ ಕರೆದುಕೊಂಡು ಹೋದೆ.

ಸೆಪ್ಟೆಂಬರ್ ಕೊನೆಯ ವಾರ ನ್ಯಾಯಾಲಯದ ಆದೇಶದಂತೆ ದೊಡ್ಡಮನಿಯ ಇಬ್ಬರು ಹೆಂಗಸರು, ಒಬ್ಬ ವಕೀಲರು ಮಗುವನ್ನು ಕರೆತಂದರು. ವಕೀಲರ ಕೈಯಲ್ಲಿ ಅರ್ಪಣ ಪತ್ರವೆಂಬ ಛಾಪಾ ಕಾಗದವಿತ್ತು. ಮಗುವನ್ನು ಸ್ವಖುಷಿಯಿಂದ ಒಪ್ಪಿಸಿದ್ದೇವೆ ಎಂದು ಅದರ ಮೇಲೆ ಸಿದ್ರಾಮ, ಕಸ್ತೂರಿ ಇಬ್ಬರದೂ ಸಹಿ. ನ್ಯಾಯಾಧೀಶರು ಅದನ್ನು ಎರಡು ಸಲ ಓದಿ, ಕಾನೂನಿನಲ್ಲಿ ಇಂಥದೊಂದು ಕಾಗದವೇ ಇಲ್ಲ, ಮಡಚಿ ಒಳಗಿಡಿ ಎಂದು ಮರಾಠಿಯಲ್ಲಿ ಹೇಳಿದರು. ತಂದೆ ತಾಯಿಯೊಂದಿಗೆ ಒಂದು ಗಂಟೆ ಇರಲೆಂದು ಮಗುವನ್ನು ನಮ್ಮ ಮಕ್ಕಳ ಕೋಣೆಗೆ ಕಳಿಸಿದರು.

ರೇಣುಕಾಳಿಗೆ ಆಗ ಏಳು ವರ್ಷ. ಕತ್ತರಿಸಿದ ಕೂದಲು, ಬಿಳಿ ಫ್ರಾಕು. ಆಟಿಕೆಗಳ ನಡುವೆ ನೆಟ್ಟಗೆ ನಿಂತು ನೆಲ ನೋಡುತ್ತಿದ್ದಳು. ಗೇಟಿನ ಹೊರಗೆ ಉಳಿದ ದಿನದಿಂದಲೇ ಆಯಿ ಇವರಿಬ್ಬರಿಗೂ ಮರೆ ಹಾಕಿದ್ದಳು. ಆದ್ದರಿಂದ ಮಗು ಇವರನ್ನು ನೋಡುವಂತಿರಲಿಲ್ಲ. ಸಿದ್ರಾಮ ಬಾಗಿಲಿನ ಹತ್ತಿರವೇ ನಿಂತ. ಕಸ್ತೂರಿ ಹೋಗಿ ಮಗುವಿನ ಎದುರು ನೆಲದ ಮೇಲೆ ಕೂತಳು. ಮುಟ್ಟಲಿಲ್ಲ, ಕರೆಯಲಿಲ್ಲ. ನಾನು ಗಾಜಿನ ಆಚೆಯಿಂದ ನೋಡುತ್ತಿದ್ದೆ. ನಲವತ್ತು ನಿಮಿಷ ಹಾಗೇ ಕಳೆಯಿತು. ಆಮೇಲೆ ಮಗು ಒಂದೇ ಸಲ ಕಣ್ಣೆತ್ತಿ ತಾಯಿಯನ್ನು ನೋಡಿತು. ತಕ್ಷಣ ಬಾಗಿಲ ಕಡೆ ತಿರುಗಿ, ತಾನು ನೋಡಿದ್ದನ್ನು ಯಾರಾದರೂ ಕಂಡರೇ ಎಂದು ಪರೀಕ್ಷಿಸಿತು.

ಕಸ್ತೂರಿ ಹೊರಗೆ ಬಂದು ಅದೇ ಸಪಾಟು ದನಿಯಲ್ಲಿ, "ನೋಡಿದ್ಳ್ರಿ," ಅಂದಳು.

ಅಕ್ಟೋಬರಿನಲ್ಲಿ ನ್ಯಾಯಾಲಯದ ಆದೇಶದ ಮೇಲೆ ಮಗು ಕಸ್ತೂರಿಯ ಜೊತೆ ಕ್ಯಾಂಪಿನ ಮನೆಗೆ ಬಂತು. ಸಿದ್ರಾಮ ಪ್ರತಿ ಭಾನುವಾರ ಕುರಕುಂಭದಿಂದ ಬಂದು ಹೋಗುತ್ತಿದ್ದ. ಡಿಸೆಂಬರಿನಲ್ಲಿ ಆರು ತಿಂಗಳು ಮುಗಿದು ಕೊನೆಯ ಭೇಟಿಗೆ ಕರೆದಾಗ ನಾನು ಮತ್ತೆ ತಡೆಯಲಾರದೆ, ಮಗುವಿಗಾಗಿ ಮೂವರೂ ಒಂದೇ ಖೋಲಿಯಲ್ಲಿ ಇರಬಹುದಲ್ಲ ಎಂದೆ.

"ಹೂಂ ರೀ," ಅಂದ ಸಿದ್ರಾಮ.

ಕಸ್ತೂರಿ ಸಿದ್ರಾಮನ ಕಡೆ ತಿರುಗಿ ನೋಡಿದಳು. ಆಮೇಲೆ, "ನಾ ಒಲ್ಲೆರಿ," ಅಂದಳು.

"ಯಾಕ ಕಸ್ತೂರಿ?"

"ಇವ್ರು ಕೆಟ್ಟವ್ರಲ್ರಿ. ಒಂದಿನ ಹೊಡದಿಲ್ಲ, ಬೈದಿಲ್ಲ. ಆದ್ರ ಆಯಿ ಬಟ್ಟು ಮಾಡಿ ತೋರ್ಸಿದ್ರು ಅಂತ ಲಗ್ನಾದೆ. ಈಗ ನೀವ್ ಹೇಳ್ತೀರಿ ಅಂತ ಕೂಡಿ ಇರ್ಲೇನ್ರಿ?" ಅಂದವಳೇ ಹೆದರಿ, "ತಪ್ಪಾತೇನ್ರಿ ಮೇಡಂ?" ಎಂದು ಕೇಳಿದಳು.

ತಪ್ಪಾಗಿಲ್ಲ ಎಂದೆ. ನಿಜ ಹೇಳಬೇಕೆಂದರೆ ನನಗೆ ಆ ಕ್ಷಣ ಎದ್ದು ಆಕೆಯ ಕೈ ಹಿಡಿಯಬೇಕೆನಿಸಿತ್ತು. ಸಿದ್ರಾಮನತ್ತ ತಿರುಗಿ, "ನಿಮಗ ಒಪ್ಪಿಗಿ ಅದನ?" ಎಂದು ಕೇಳಿದೆ. "ಹೂಂ ರೀ," ಅಂದ. ಇಬ್ಬರೂ ಸ್ವಇಚ್ಛೆಯಿಂದ ಒಪ್ಪಿದ್ದಾರೆ ಎಂದು ವರದಿ ಬರೆದೆ. ೨೦೦೦ದ ಜನವರಿಯಲ್ಲಿ ವಿಚ್ಛೇದನವಾಯಿತು. ಹೊಸದಾಗಿ ಸೇರಿದ ಸಮಾಲೋಚಕರಿಗೆ ತರಬೇತಿ ಕೊಡುವಾಗ ಎರಡು ವರ್ಷ ಈ ಪ್ರಕರಣವನ್ನು ನಾನು ಹೆಮ್ಮೆಯಿಂದ ಹೇಳಿದ್ದುಂಟು.

೨೦೦೨ರ ಮಾರ್ಚಿನಲ್ಲಿ ಕಸ್ತೂರಿ ನನ್ನ ಕಚೇರಿಗೆ ಬಂದಳು. ರೇಣುಕಾ ಮರಾಠಿ ಶಾಲೆಗೆ ಹೋಗುತ್ತಿದ್ದಾಳೆ, ಈಗೀಗ ಅವ್ವ ಅನ್ನುತ್ತಾಳೆ ಎಂದಳು. ಸಿದ್ರಾಮನ ವಿಷಯ ಕೇಳಿದೆ.

"ಅವ್ರು ವಾಪಸ್ ಹೋದ್ರ್ರಿ."

"ಊರಿಗಾ?"

"ಮನಿಗ್ರಿ. ದೊಡ್ಡಮನಿಗೆ."

ಮೂರು ಭಾನುವಾರ ಬರದಿದ್ದಾಗ ಆಕೆ ಕುರಕುಂಭಕ್ಕೆ ಹೋಗಿ ನೋಡಿದ್ದಳು. ಖೋಲಿಗೆ ಬೀಗ. ಅಲ್ಲಿಂದ ದೊಡ್ಡಮನಿಯ ಗೇಟಿಗೆ ಹೋದಳು. ಸಿದ್ರಾಮ ಒಳಗೆ ಅಂಗಳ ಗುಡಿಸುತ್ತಿದ್ದ. ಹೆಸರು ಹಿಡಿದು ಕರೆದರೂ ತಲೆ ಎತ್ತಲಿಲ್ಲವಂತೆ.

"ಯಾಕ ಹೋದ್ರು, ಏನರ ಹೇಳಿದ್ರೇನು?"

"ಖೋಲ್ಯಾಗ ಒಬ್ಬಾಂವ ಕುಂತ್ರ ಏನ ಮಾಡ್ಬೇಕು ತಿಳಿಯೋದಿಲ್ಲ ಅಂತಿದ್ರು. ಮುಂಜಾನೆ ಎದ್ದ ಮ್ಯಾಲ ಏನ ಮಾಡು ಅಂತ ಯಾರೂ ಹೇಳೋದಿಲ್ಲ ಅಂತಿದ್ರು." ಆಕೆಯೇ ಸೇರಿಸಿದಳು, "ನಾನೂ ಕೇಳ್ಲಿಲ್ರಿ. ನಂದೇ ನಂಗ ಸಾಕಾಗಿತ್ತು."

ಆಕೆ ಹೋದ ಮೇಲೆ ರೆಕಾರ್ಡ್ ಕೋಣೆಯಿಂದ ಆ ಫೈಲು ತರಿಸಿದೆ. ಏಳು ಭೇಟಿಗಳ ಟಿಪ್ಪಣಿ ನನ್ನ ಕೈಬರಹದಲ್ಲೇ ಇತ್ತು. ಕಸ್ತೂರಿ ಏನೆಂದಳು, ಹೇಗೆ ಕೂತಳು, ಎಷ್ಟು ಹೊತ್ತು ಸುಮ್ಮನಿದ್ದಳು ಎಂದು ಪುಟಗಟ್ಟಲೆ ಬರೆದಿದ್ದೆ. ಸಿದ್ರಾಮನ ಹೆಸರಿನ ಮುಂದೆ ಹೆಚ್ಚುಕಡಿಮೆ ಎಲ್ಲ ಪುಟದಲ್ಲೂ ಒಂದೇ ಸಾಲು. ಗಂಡ ಸಹಕರಿಸುತ್ತಾನೆ. ಒಬ್ಬನನ್ನೇ ಕೂಡಿಸಿ ನಾನು ಕೇಳಿದ್ದೆಲ್ಲ ಹಿಂದಿನ ಕತೆ. ಮುಂದೆ ಅವನಿಗೆ ಏನು ಬೇಕೆಂದು ಒಮ್ಮೆಯೂ ಕೇಳಿರಲಿಲ್ಲ. ಅವನಿಂದ ನನಗೆ ತೊಂದರೆ ಇರಲಿಲ್ಲ, ಅದಕ್ಕೇ.

೨೦೦೯ರಲ್ಲಿ ನಿವೃತ್ತಳಾಗುವವರೆಗೆ ಆ ಪ್ರಶ್ನೆ ಕೇಳುವುದನ್ನು ನಾನು ತಪ್ಪಿಸಲಿಲ್ಲ. ಕೂಗಾಡುವವರು, ಅಳುವವರು, ಮೇಜು ಗುದ್ದುವವರು ಅವರಾಗಿಯೇ ನಮ್ಮ ಸಮಯ ತೆಗೆದುಕೊಳ್ಳುತ್ತಾರೆ. ಕೇಳಿದ್ದಕ್ಕೆಲ್ಲ ಹೂಂ ಅನ್ನುವವರು ಬಂದರೆ ಅವರಿಗೆ ಇನ್ನೊಂದು ದಿನ ಕೊಟ್ಟು, ಒಬ್ಬರನ್ನೇ ಕರೆದು, ನಿಮಗೇನು ಬೇಕು ಎಂದು ಕೇಳಿ, ಪೆನ್ನು ಕೆಳಗಿಟ್ಟು ಕಾಯುತ್ತಿದ್ದೆ. ಎಷ್ಟೋ ಸಲ ಗಂಟೆ ಕಳೆದರೂ ಉತ್ತರ ಬರುತ್ತಿರಲಿಲ್ಲ. ಆಗ ಇನ್ನೊಂದು ತಾರೀಕು ಕೊಡುತ್ತಿದ್ದೆ. ಕೆಲಸ ನಿಧಾನ ಎಂದು ನನ್ನ ಮೇಲೆ ದೂರು ಬಂದಿತ್ತು. ದೂರು ಸರಿಯಾಗಿಯೇ ಇತ್ತು.