ತಿರುವಿಲ್ಲದ ರಸ್ತೆಗೆ

ಹರಿನಾಥ ಕಳೆದ ಮಂಗಳವಾರ ಬೆಳಿಗ್ಗೆ ಒಂಬತ್ತು ಗಂಟೆಯ ಹೊತ್ತಿಗೆ ತನ್ನ ಮನೆಯಂಗಳದಲ್ಲಿ ತೀರಿಕೊಂಡ. ಹೃದಯಾಘಾತ. ಐವತ್ತೊಂಬತ್ತು ವರ್ಷ. ಅದೇ ಶುಕ್ರವಾರ ಅವನು ಕಚ್ಛ್‌ಗೆ ಹೊರಡುವುದಿತ್ತು.

ಕಚ್ಛ್ ಎಂದರೆ ಗುಜರಾತಿನ ತುದಿ. ಅಲ್ಲಿ ಉಪ್ಪಿನ ಬಯಲಿನ ನಡುವೆ ಒಂದು ರಸ್ತೆ ಹೋಗುತ್ತದೆ, ಗೆರೆ ಎಳೆದ ಹಾಗೆ. ಹರಿನಾಥನಿಗೆ ಬೇಕಾಗಿದ್ದದ್ದು ಆ ರಸ್ತೆ. ಗುಡಿಯಲ್ಲ, ಕೋಟೆಯಲ್ಲ, ಹಿಮವಲ್ಲ. ತಿರುವಿಲ್ಲದ ಒಂದು ರಸ್ತೆ.

ಅವನು ಮೂವತ್ತೊಂದು ವರ್ಷ ಕಾಸರಗೋಡು ಕಡೆಯ ಬದಿಯಡ್ಕದಿಂದ ಎಣ್ಮಕಜೆಯ ಒಳಗಿನವರೆಗೆ, ಬಸ್ಸಿನ ಹಾಗೆ ದಾರಿಯುದ್ದಕ್ಕೂ ಜನ ಹತ್ತಿಸಿ ಇಳಿಸುವ ಲೈನ್ ಜೀಪು ಓಡಿಸಿದವ. ಗುಡ್ಡ ಇಳಿದು, ತೋಡಿನ ನೀರು ದಾಟಿ, ಗೇರುತೋಟವನ್ನು ಸುತ್ತಿ ಹೋಗುವ ಆ ದಾರಿಯಲ್ಲಿ ನೂರ ಹನ್ನೆರಡು ತಿರುವು ಎಂದು ಅವನ ಲೆಕ್ಕ. ಪ್ರತಿ ತಿರುವಿಗೂ ಒಂದು ಹಾರ್ನ್. ಆಚೆಯಿಂದ ಎಂತ ಬರುತ್ತದೆ ಎಂದು ಗೊತ್ತಿಲ್ಲದೆ, ಬಂದರೆ ಎಂತ ಮಾಡುವುದು ಎಂದು ಯೋಚಿಸಿಕೊಂಡೇ ದಿನಕ್ಕೆ ಎಂಟು ಸಲ ಹೋಗಿ ಬರುವುದು. ನಿದ್ದೆಯಲ್ಲಿಯೂ ಅವನ ಬಲಗೈ ಹೆಬ್ಬೆರಳು ಹಾರ್ನ್ ಒತ್ತುತ್ತಿತ್ತು ಎಂದು ಹೆಂಡತಿ ಸುಂದರಿ ನಗುತ್ತಿದ್ದಳು.

ಜೀಪಿನಲ್ಲಿ ಜನ ಮಾತ್ರ ಹೋಗುತ್ತಿದ್ದದ್ದಲ್ಲ. "ಹರಿಯಣ್ಣ, ಇದೊಂದು" ಎಂದು ಯಾರಾದರೂ ದಾರಿಬದಿಯಲ್ಲಿ ಕೈ ಅಡ್ಡ ಹಿಡಿದರೆ ಅವನು ನಿಲ್ಲಿಸಬೇಕು. ಕೃಷಿಭವನಕ್ಕೆ ಅರ್ಜಿ, ವಿಲ್ಲೇಜ್ ಆಫೀಸಿಗೆ ಕಾಗದ, ಟೈಲರಿಗೆ ಅಳತೆಯ ರವಿಕೆ. ಗೇರುತೋಟದ ಬದಿಯ ಮನೆಗಳ ಮಕ್ಕಳಿಗೆ ಕಾಸರಗೋಡಿನಿಂದ ಬರುವ ಮದ್ದು. ಚೀಟಿಗಳನ್ನೆಲ್ಲ ಕನ್ನಡಿಯ ಮೇಲಿನ ಸಂದಿಯಲ್ಲಿ ಸಿಕ್ಕಿಸಿಕೊಂಡು ಹೋಗುತ್ತಿದ್ದ, ಒಂದನ್ನೂ ಮರೆಯುತ್ತಿರಲಿಲ್ಲ. ಆಗುವುದಿಲ್ಲ ಎಂಬ ಮಾತನ್ನು ಅವನ ಬಾಯಿಯಿಂದ ಕೇಳಿದವರು ಆ ಲೈನಿನಲ್ಲಿ ಇರಲಿಲ್ಲ.

ಮೂರು ವರ್ಷದ ಹಿಂದೆ ಅವನು ಜೀಪು ಮಾರಿದ. ಎಲ್ಲರ ಮನೆಗೂ ಸ್ಕೂಟರು ಬಂದಿತ್ತು, ಲೈನಿನಲ್ಲಿ ಜನ ಇರಲಿಲ್ಲ. ಆ ದಿನಗಳಲ್ಲೇ ಒಂದು ಸಂಜೆ ಬದಿಯಡ್ಕದ ಹೋಟೆಲಿನಲ್ಲಿ ಕೂತಿದ್ದಾಗ ಮುರಳೀಕೃಷ್ಣ ಫೋನಿನಲ್ಲಿ ಒಂದು ಫೋಟೋ ತೋರಿಸಿದ. ಮುರಳೀಕೃಷ್ಣ ಒಂದನೇ ಕ್ಲಾಸಿನಿಂದ ಅವನ ಜೊತೆಗಾರ, ಆಗಷ್ಟೇ ಕನ್ನಡ ಮಾಷ್ಟ್ರ ಕೆಲಸದಿಂದ ನಿವೃತ್ತನಾಗಿದ್ದ.

"ಇದೆಂತ, ಏರ್‌ಪೋರ್ಟಾ?" ಎಂದ ಹರಿನಾಥ.

"ರಸ್ತೆ ಮಾರಾಯ. ಎರಡು ಬದಿಯಲ್ಲಿ ಕಾಣುವುದು ಉಪ್ಪು."

"ತಿರುವು ಎಲ್ಲಿ?"

"ಇಲ್ಲ."

ಹರಿನಾಥ ಎರಡು ಬೆರಳಲ್ಲಿ ಫೋಟೋ ದೊಡ್ಡದು ಮಾಡಿ ಮಾಡಿ ನೋಡಿದ. ಮತ್ತೆ ಕೇಳಿದ: "ಹಾಗಾದರೆ ಮಾಷ್ಟ್ರೇ, ಅಲ್ಲಿಯವರು ಗಾಡಿಗೆ ಹಾರ್ನ್ ಎಂತಕ್ಕೆ ಹಾಕಿಸುವುದು?"

ಅಂದಿನಿಂದ ಅವನು ಅರ್ಧ ಇಲ್ಲಿದ್ದ, ಅರ್ಧ ಅಲ್ಲಿದ್ದ. ಅಡಿಕೆ ಸುಲಿಯುವಾಗ, ಸ್ನಾನದ ಒಲೆಗೆ ಸೌದೆ ಇಡುವಾಗ ಕೈ ಅಲ್ಲಿಗೇ ನಿಲ್ಲುತ್ತಿತ್ತು. ಆಗ ಅವನ ಕಣ್ಣ ಮುಂದೆ ನೆಲ ಬೆಳ್ಳಗೆ ಹರಡುತ್ತಿತ್ತು. ಆಕಾಶ ಬಂದು ಆ ನೆಲಕ್ಕೆ ಕೂರುತ್ತಿತ್ತು. ದೂರದಲ್ಲಿ ಸಾಸಿವೆಯಷ್ಟು ಕಪ್ಪು. ಅದು ಲಾರಿ. ಅದು ತನ್ನ ಹತ್ತಿರ ಬರಬೇಕಾದರೆ ಒಂದು ಬೀಡಿ ಸೇದಿ ಮುಗಿಸಬಹುದು. ಬರುವುದೆಲ್ಲ ಮೊದಲೇ ಕಾಣುವ ಒಂದು ಜಾಗ. ಅಲ್ಲಿ ತಾನು ಸ್ಟೇರಿಂಗಿನ ಮೇಲೆ ಕೈ ಸುಮ್ಮನೆ ಇಟ್ಟು, ಅತ್ತ ಇತ್ತ ತಿರುಗಿಸದೆ, ಬೆಳಗಿನಿಂದ ಮಧ್ಯಾಹ್ನದವರೆಗೆ ಹೋಗುತ್ತೇನೆ.

ಜೀಪು ಮಾರಿದ ಮೇಲೆ ಒಂದು ಹಳೆಯ ಓಮ್ನಿ ತಂದ. ಹಿಂದಿನ ಸೀಟು ಕಿತ್ತು ಹಲಗೆ ಹೊಡೆದು ಹಾಸಿಗೆ ಮಾಡಿದ. ಕಿಟಕಿಗೆ ಸುಂದರಿಯ ಹಳೆಯ ಸೀರೆಯ ಪರದೆ. ಸಂಜೆಯಾದರೆ ಅಂಗಳದಲ್ಲಿ ನಿಂತ ಆ ಗಾಡಿಯೊಳಗೆ ಹೋಗಿ ಸ್ಟೇರಿಂಗ್ ಹಿಡಿದು ಕೂರುತ್ತಿದ್ದ. ಗಾಡಿ ಸ್ಟಾರ್ಟ್ ಮಾಡುತ್ತಿರಲಿಲ್ಲ.

"ಎಲ್ಲಿಗೆ ಮುಟ್ಟಿದಿರಿ?" ಸುಂದರಿ ಚಾವಡಿಯಿಂದ ಕೇಳುವಳು.

"ಕೊಲ್ಲಾಪುರ."

"ಹಾಗಾದರೆ ಊಟಕ್ಕೆ ಬರ್ಲಿಕ್ಕೆ ತಡವಾದೀತು."

ಗ್ಯಾಸಿನ ಸಣ್ಣ ಒಲೆ ಬಂತು. ಅದರಲ್ಲಿ ಕುಚ್ಚಲಕ್ಕಿ ಬೇಯಿಸಿ ನೋಡಿದರು. ಅಕ್ಕಿ ಅರ್ಧ ಬೇಯುವಾಗ ಗ್ಯಾಸ್ ಮುಗಿಯಿತು. "ಅವಲಕ್ಕಿ ಕೊಂಡುಹೋಗಿ" ಎಂದಳು ಸುಂದರಿ. "ಗಂಜಿ ಇಲ್ಲದೆ ಮನುಷ್ಯ ಇಪ್ಪತ್ತೆರಡು ದಿನ ಬದುಕುವುದುಂಟಾ?" ಎಂದು ಅವನು ಎರಡನೇ ಸಿಲಿಂಡರು ತಂದ.

ಇಪ್ಪತ್ತೆರಡೇ ದಿನ, ಯಾಕೆಂದರೆ ಆಮೇಲೆ, ಜೊತೆಗೆ ಹೊರಟಿದ್ದ ಮುರಳೀಕೃಷ್ಣನ ಮಗಳು ಶ್ರೀರಂಜಿನಿಯ ಹೆರಿಗೆ. ಅಷ್ಟರೊಳಗೆ ಗೋವಾ, ಕೊಲ್ಲಾಪುರ, ಪುಣೆ, ಅಹಮದಾಬಾದು, ಭುಜ್, ಅಲ್ಲಿಂದ ಉಪ್ಪಿನ ರಸ್ತೆ, ಪುನಃ ಊರು. ಲಾಡ್ಜಿಲ್ಲ. ಡೇರೆ.

ಡೇರೆ ಪಾರ್ಸೆಲಿನಲ್ಲಿ ಬಂದ ಮೇಲೆ ಗೆಳೆಯರಿಬ್ಬರೂ ಪೈವಳಿಕೆ ಕಡೆಯ ಒಂದು ಪದವಿಗೆ ಹೋಗಿ ಅಭ್ಯಾಸ ಮಾಡಿದರು. ಪದವು ಎಂದರೆ ಗುಡ್ಡದ ಮೇಲಿನ ಬೋಳು ಬಯಲು, ಅಡಿಯಲ್ಲಿ ಬರೀ ಕೆಂಪುಕಲ್ಲು. ಮಳೆ ಬಿಟ್ಟು ತಿಂಗಳಾಗಿತ್ತು, ಹುಲ್ಲು ಹೊಂಬಣ್ಣಕ್ಕೆ ತಿರುಗಿತ್ತು. ಡೇರೆಯ ಜೊತೆ ಬಂದ ಕಬ್ಬಿಣದ ಗೂಟ ಕೆಂಪುಕಲ್ಲಿಗೆ ಇಳಿಯಲಿಲ್ಲ. ಮುರಳೀಕೃಷ್ಣ ಹೊಡೆದ, ಗೂಟ ಕೊಕ್ಕೆಯಾಯಿತು. ಹರಿನಾಥ ಹೊಡೆದ, ಇನ್ನೊಂದು ಕೊಕ್ಕೆ. ಕೊನೆಗೆ ಪಕ್ಕದ ಕಲ್ಲಿನ ಕೋರೆಯಿಂದ ಎಂಟು ಒಡಕು ಕಲ್ಲು ಹೊತ್ತು ತಂದು, ಹಗ್ಗವನ್ನು ಅವಕ್ಕೆ ಕಟ್ಟಿ ಡೇರೆ ನಿಲ್ಲಿಸಿದರು. ಸೂರ್ಯ ಸಮುದ್ರಕ್ಕೆ ಇಳಿಯುವಾಗ ಒಳಗೆ ಕೂತು ಚಹಾ ಕುಡಿದರು. ಗಾಳಿಗೆ ಬಟ್ಟೆ ಉಸಿರಾಡುವ ಹಾಗೆ ಉಬ್ಬಿ ತಗ್ಗುತ್ತಿತ್ತು. ಎಷ್ಟೋ ವರ್ಷದ ನಂತರ ಇಬ್ಬರಿಗೂ ಎಲ್ಲಿಗೂ ಹೋಗಲಿಕ್ಕಿರಲಿಲ್ಲ.

ಬೆಳಿಗ್ಗೆ ಡೇರೆ ಬಿಚ್ಚಿ, ಹರಿನಾಥ ಆ ಎಂಟು ಕಲ್ಲನ್ನೂ ಓಮ್ನಿಗೆ ತುಂಬಿಸಿದ.

"ಇದೆಂತ ಮಾಡ್ತಿ?"

"ಕೊಂಡುಹೋಗುವುದು."

"ಗುಜರಾತಿಗೆ ಕಲ್ಲಾ? ಹೊರಗಿನವರು ನೋಡಿದರೆ ನಗ್ತಾರೆ ಮಾರಾಯ."

"ಉಪ್ಪಿನ ಬಯಲಲ್ಲಿ ನಿನಗೆ ಕಲ್ಲು ಯಾರು ತಂದುಕೊಡ್ತಾರೆ, ಮಾಷ್ಟ್ರೇ?"

ನೆಲಕ್ಕೆ ಗೂಟ ಇಳಿಯುವ ಊರುಗಳೂ ಉಂಟು ಎಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಎಲ್ಲ ಸರಿಯಾಗಿಯೇ ಇತ್ತು. ಹೊರಡಲಿಕ್ಕೆ ಇಪ್ಪತ್ತು ದಿನ ಇರುವಾಗ ಸುಂದರಿ ಹಾಲಿನ ಸೊಸೈಟಿಯಲ್ಲಿ ನೆರೆಮನೆಯ ಪ್ರೇಮಾವತಿಯ ಹತ್ತಿರ ಬಾಯಿ ಬಿಟ್ಟಳು: "ಇವರು ಉತ್ತರದ ಕಡೆ ಹೊರಟಿದ್ದಾರೆ ಅಕ್ಕ. ತಿಂಗಳು ಹತ್ತಿರ ಆಗ್ತದೆ ಬರುವಾಗ." ಅರುವತ್ತು ಹತ್ತಿರವಾದ ಗಂಡಸು, ಉತ್ತರದ ಕಡೆ, ಒಂದು ತಿಂಗಳು. ಪ್ರೇಮಾವತಿಗೆ ಬೇರೆ ಎಂತ ಕೇಳಬೇಕು? ಸಂಜೆಯೊಳಗೆ ಇಡೀ ಲೈನಿಗೆ ಸುದ್ದಿ ಮುಟ್ಟಿತು. ಹರಿಯಣ್ಣ ಕಾಶಿಗೆ ಹೋಗುತ್ತಾನೆ.

ಮರುದಿನದಿಂದ ಜನ ಬರತೊಡಗಿದರು. ಕಾಶಿಗೆ ಹೋಗುವವನ ಕೈಯಲ್ಲಿ ಏನಾದರೂ ಕೊಟ್ಟು ಕಳಿಸಿದರೆ ಕೊಟ್ಟವರೂ ಹೋದ ಹಾಗೆಯೇ ಎಂದು ನಮ್ಮಲ್ಲಿ ನಂಬಿಕೆ. ಗಂಗೆಗೆ ಬಿಡಲಿಕ್ಕೆ ಬಾಗಿನ, ವಿಶ್ವನಾಥನಿಗೆ ತುಪ್ಪ, ಅಜ್ಜನ ಹೆಸರಲ್ಲಿ ಎಳ್ಳು, ನೀರು ತರಲಿಕ್ಕೆ ಕ್ಯಾನು, ಬಾಟ್ಲಿ, ಕೊಡ. ಅಡಿಕೆ ಕೊಯ್ಯುವ ಚನಿಯ ಮಾತ್ರ ಬರಿಗೈಯಲ್ಲಿ ಬಂದ. "ಅಲ್ಲಿ ಚಳಿ ಉಂಟಂತೆ ಅಣ್ಣೇರೆ, ತಲೆಗೆ ಕಟ್ಟಿಕೊಳ್ಳಿ" ಎಂದು ಹೇಳಿ ಹೋದ. ಉಳಿದ ಹನ್ನೊಂದು ಮನೆಯವರದ್ದೂ ಒಂದೊಂದು ಗಂಟು. "ಹರಿಯಣ್ಣ, ಇದೊಂದು."

ಪ್ರೇಮಾವತಿ ತಂದದ್ದು ಒಂದು ತಾಮ್ರದ ಗಿಂಡಿ. ಅವಳ ಗಂಡ ಕಾಶಿಗೆ ಹೋಗಬೇಕೆಂದು ಕೊಂಡಿಟ್ಟದ್ದು. ಹೋಗಲಿಲ್ಲ, ಸತ್ತು ಹದಿನಾಲ್ಕು ವರ್ಷ. ಹುಣಿಸೆಹಣ್ಣು ಹಾಕಿ ಹೊಳೆಯುವ ಹಾಗೆ ತಿಕ್ಕಿದ್ದಳು. "ನೀರು ತುಂಬಿಸದಿದ್ದರೂ ಅಡ್ಡಿಯಿಲ್ಲ ಹರಿ. ಒಂದು ಸರ್ತಿ ಮುಳುಗಿಸಿ ತಾ" ಎಂದಳು.

ಹರಿನಾಥ ತೆಗೆದುಕೊಂಡ. ಎಲ್ಲವನ್ನೂ ತೆಗೆದುಕೊಂಡ. ಓಮ್ನಿಯ ಹಾಸಿಗೆಯ ಮೇಲೆ ಕ್ಯಾನು, ಕೊಡ, ಗಂಟು ಏರಿ ಏರಿ ಸೀರೆಯ ಪರದೆ ಮುಚ್ಚಿಹೋಯಿತು. ಡೇರೆ ಕೊಟ್ಟಿಗೆಗೆ ಹೋಯಿತು.

ಹೊರಡುವ ಮೊದಲಿನ ಭಾನುವಾರ ಮುರಳೀಕೃಷ್ಣ ಬಂದಾಗ ಜಗಲಿಯಲ್ಲಿ ಭೂಪಟ ಹರಡಿತ್ತು. ಪೆನ್ಸಿಲ್ ಗೆರೆ ಪುಣೆಯವರೆಗೆ ಹೋಗಿ ಬಲಕ್ಕೆ ಹೊರಳಿತ್ತು. ನಾಗಪುರ, ಜಬಲ್ಪುರ, ಕಾಶಿ.

"ಕಚ್ಛ್ ಎಲ್ಲಿ ಹೋಯ್ತು?"

"ಅಲ್ಲಿಗೆ ಇನ್ನೊಂದು ಸರ್ತಿ ಹೋದರಾಯ್ತು."

"ಇನ್ನೊಂದು ಸರ್ತಿ ಯಾವಾಗ? ಇದಕ್ಕೇ ನಿನಗೆ ಮೂರು ವರ್ಷ ಬೇಕಾಯ್ತು."

"ಜನ ಅಷ್ಟು ಆಸೆಯಲ್ಲಿ ಕೊಟ್ಟಿದ್ದಾರೆ ಮಾಷ್ಟ್ರೇ. ಬೇಡ ಅಂತ ಹೇಳುವುದು ಹೇಗೆ?"

"ಬಾಯಿ ತೆರೆದು."

ಹರಿನಾಥ ನಗಲಿಲ್ಲ. ಮುರಳೀಕೃಷ್ಣನಿಗೆ ಸಿಟ್ಟು ನೆತ್ತಿಗೇರಿತ್ತು. "ನಾನು ಒಪ್ಪಿದ್ದು ಡೇರೆ ಹಾಕಿ ಮಲಗ್ಲಿಕ್ಕೆ. ನಿನ್ನ ಲೈನ್ ಟ್ರಿಪ್ಪಿಗೆ ಕಿಳಿಯಾಗಿ ಬರ್ಲಿಕ್ಕಲ್ಲ" ಎಂದ. ಜೀಪಿನ ಹಿಂದೆ ನೇತಾಡಿಕೊಂಡು ಜನ ಕರೆಯುವವನಿಗೆ ನಮ್ಮಲ್ಲಿ ಕಿಳಿ ಎನ್ನುವುದು. ಹೇಳಿ, ಚಹಾವನ್ನೂ ಕುಡಿಯದೆ ಇಳಿದು ಹೋದ. ಅದು ಅವರಿಬ್ಬರ ಕೊನೆಯ ಮಾತು.

ಅಂದು, ಮರುದಿನ, ಹರಿನಾಥ ಸಂಜೆ ಓಮ್ನಿಯೊಳಗೆ ಕೂರಲಿಲ್ಲ. ಚಾವಡಿಯ ಮೆಟ್ಟಿಲಲ್ಲಿ ಕೂತು ದೂರದಿಂದ ಅದನ್ನು ನೋಡಿದ. ಬಿಳಿ ನೆಲವನ್ನು ಕಣ್ಣ ಮುಂದೆ ತರಲು ನೋಡಿದ. ಬರಲಿಲ್ಲ. ಸಾಸಿವೆಯಷ್ಟು ಕಪ್ಪಾಗಿ ಕಾಣುವ ಲಾರಿಯೂ ಬರಲಿಲ್ಲ. ಕಂಡದ್ದು ಕ್ಯಾನುಗಳ ಬಣ್ಣ ಬಣ್ಣದ ಮುಚ್ಚಳ.

"ಇವತ್ತು ಎಲ್ಲಿಗೂ ಹೋಗಲಿಲ್ಲವಾ?" ಸುಂದರಿ ಪಕ್ಕದಲ್ಲಿ ಬಂದು ಕೂತಳು.

"ಇಲ್ಲ."

"ತಪ್ಪು ನನ್ನದು. ಸೊಸೈಟಿಯಲ್ಲಿ ಬಾಯಿ ಬಿಟ್ಟವಳು ನಾನು. ನಾಳೆ ನಾನೇ ಎಲ್ಲರ ಮನೆಗೆ ಹೋಗಿ ಹೇಳಿ ಬರ್ತೇನೆ."

"ಬೇಡ" ಎಂದ. "ಕೊಟ್ಟದ್ದು ನನ್ನ ಕೈಯಲ್ಲಿ."

ಮಂಗಳವಾರ ಬೆಳಿಗ್ಗೆ ಆರು ಗಂಟೆಗೆ ಅವನು ಓಮ್ನಿಯನ್ನು ರಸ್ತೆಗೆ ಇಳಿಸಿದ. ಮಂಜು ಇನ್ನೂ ತೋಡಿನ ಮೇಲೆಯೇ ಇತ್ತು. ಹಳೆಯ ಲೈನು, ಹಳೆಯ ತಿರುವುಗಳು. ಮೊದಲ ಮನೆಯ ಗೇಟಿನ ಹೊರಗೆ ಐದು ನಿಮಿಷ ಗಾಡಿಯಲ್ಲೇ ಕೂತಿದ್ದನಂತೆ. ಮತ್ತೆ ಕ್ಯಾನು ಹಿಡಿದು ಅಂಗಳಕ್ಕೆ ಹೋಗಿ ನಿಂತು ಒಂದೇ ಉಸಿರಿಗೆ ಹೇಳಿದ: "ನಾನು ಕಾಶಿಗೆ ಹೋಗುವುದಲ್ಲ. ಉಪ್ಪು ನೋಡ್ಲಿಕ್ಕೆ ಹೋಗುವುದು."

"ಉಪ್ಪಾ? ನಮ್ಮ ಅಂಗಡಿಯಲ್ಲಿ ಉಪ್ಪು ಇಲ್ಲವಾ ಹರಿಯಣ್ಣ?"

"ಅಷ್ಟು ಇಲ್ಲ."

ಎರಡನೇ ಮನೆಯಲ್ಲಿ ಮುಖ ದಪ್ಪ ಮಾಡಿದರು. ಮೂರನೆಯದರಲ್ಲಿ, ದೇವರ ದಾರಿ ಬಿಟ್ಟು ತಿರುಗಾಟಕ್ಕೆ ಹೋಗುವುದಾ ಎಂದು ಕೇಳಿದರು. ಹೌದು ಎಂದ. ಆರನೇ ಮನೆಗೆ ಮುಟ್ಟುವಾಗ ಗೇಟಿನ ಹೊರಗೆ ಕೂರುವುದು ಬಿಟ್ಟಿದ್ದ. ಎಂಟನೇ ಮನೆಯಲ್ಲಿ ಫೋನು ತೆಗೆದು ಫೋಟೋ ತೋರಿಸಿದ. ಆ ಮನೆಯ ಮುದುಕಿ ಕನ್ನಡಕ ಹಾಕಿ ನೋಡಿ, "ಚಂದ ಉಂಟು. ಹಪ್ಪಳ ಒಣಗಿಸ್ಲಿಕ್ಕೆ ಒಳ್ಳೆ ಜಾಗ" ಎಂದಳಂತೆ. ಅವನು ಜೋರಾಗಿ ನಕ್ಕದ್ದು ರಸ್ತೆಗೆ ಕೇಳಿತು.

ಪ್ರೇಮಾವತಿಯ ಮನೆಯನ್ನು ಕೊನೆಗೆ ಇಟ್ಟುಕೊಂಡಿದ್ದ. ಅವಳು ಅಂಗಳ ಗುಡಿಸುತ್ತಿದ್ದಳು. ಗಿಂಡಿಯನ್ನು ಎರಡೂ ಕೈಯಲ್ಲಿ ಹಿಡಿದು ಅವಳ ಮುಂದೆ ನಿಂತ. ಹತ್ತು ಮನೆಯಲ್ಲಿ ಹೇಳಿದ ಮಾತು ಇಲ್ಲಿ ಬಾಯಿಗೆ ಬರಲಿಲ್ಲ.

"ಅಕ್ಕ, ನನ್ನಿಂದ ಆಗುವುದಿಲ್ಲ" ಎಂದ.

ಪ್ರೇಮಾವತಿ ಹಿಡಿಸೂಡಿ ಕೆಳಗಿಟ್ಟು ಗಿಂಡಿ ತೆಗೆದುಕೊಂಡಳು, ಸೆರಗಿನಲ್ಲಿ ಒರೆಸಿದಳು. "ಇದಿಷ್ಟು ಹೇಳ್ಲಿಕ್ಕೆ ನಿನಗೆ ಅರುವತ್ತು ವರ್ಷ ಬೇಕಾಯ್ತಾ ಮಾರಾಯ?" ಎಂದಳು. ಒಳಗೆ ಹೋಗಿ ಒಂದು ಕಟ್ಟು ಹಲಸಿನ ಹಪ್ಪಳ ತಂದಳು.

"ಇದು ಯಾರಿಗೆ ಕೊಡುವುದು?"

"ಯಾರಿಗೂ ಅಲ್ಲ. ನಿನಗೆ. ನೀನು ತಿನ್ಲಿಕ್ಕೆ."

ಎಂಟೂವರೆಗೆ ಮನೆಗೆ ಬಂದ. ಓಮ್ನಿಯನ್ನು ಅಂಗಳದಲ್ಲಿ ತಿರುಗಿಸಿ, ಹಿಂಬಾಗಿಲು ಗದ್ದೆಯ ಕಡೆಗೆ ಬರುವ ಹಾಗೆ ನಿಲ್ಲಿಸಿದ. ಬಾಗಿಲು ಮೇಲಕ್ಕೆತ್ತಿದ. ಕೊಟ್ಟಿಗೆಯಿಂದ ಡೇರೆ ತಂದು ಮೂಲೆಯಲ್ಲಿಟ್ಟ. ಮುರಳೀಕೃಷ್ಣನಿಗೆ ಫೋನು ಮಾಡಿದ, ಅವನು ಎತ್ತಲಿಲ್ಲ. "ಮಧ್ಯಾಹ್ನ ಹೋಗಿ ಕರೆದುಕೊಂಡು ಬರ್ತೇನೆ, ಸಿಟ್ಟಿನಲ್ಲಿ ಉಂಟು ಅದು" ಎಂದು ಸುಂದರಿಗೆ ಹೇಳಿದ. ಅಂಗಿ ಬೆವರಿನಲ್ಲಿ ಒದ್ದೆಯಾಗಿತ್ತು. ಸ್ವಲ್ಪ ಸುಸ್ತು ಎಂದ.

ಮತ್ತೆ, ಗಂಟೆ ಒಂಬತ್ತಾಗುತ್ತಾ ಬರುವಾಗ, ಚಪ್ಪಲಿ ಬಿಟ್ಟು ಹಾಸಿಗೆಗೆ ಹತ್ತಿ, ತಲೆ ಒಳಗೆ ಮಾಡಿ, ಉದ್ದಕ್ಕೆ ಮಲಗಿ ಕಾಲು ಚಾಚಿದ. "ಸುಂದರಿ, ಚಹಾ ಇಲ್ಲಿಗೇ ತಾ" ಎಂದು ಕೂಗಿದ.