ಪೂಂಬೆಯೊಳಗಿನ ಕಾವಲು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅಮ್ಮ ಹೇಳುವುದು ಸುಳ್ಳಲ್ಲ. ಆ ಸಂಜೆ ನನ್ನ ಗೈಡ್ ಮೇಡಂ ತಮ್ಮ ಮಲಯಾಳ ಬೆರೆಸಿ, "ಮತಿ ಮೋಳೇ, ಸಾಕು ಮಗಳೇ. ಇನ್ನೊಂದು ಸಲ ನೋಡು. ಆಗದಿದ್ದರೆ ಬೇರೆ ವಿಷಯ ತೆಗೆದುಕೊಳ್ಳುವ" ಎಂದುಬಿಟ್ಟರು. ಕುಂಬಳೆಯಲ್ಲಿ ಬಸ್ಸು ಬದಲಿಸಿ ಪುತ್ತಿಗೆಯ ಮನೆ ಸೇರುವ ತನಕ ಹಲ್ಲು ಕಚ್ಚಿಕೊಂಡೇ ಬಂದೆ. ಬೇರೆ ವಿಷಯವಂತೆ! ಪಿಎಚ್‌ಡಿಗೆ ಸೇರಿದ ದಿನದಿಂದ ನನ್ನ ತಲೆಯಲ್ಲಿ ಇದಲ್ಲದೆ ಮತ್ತೇನೂ ಇರಲಿಲ್ಲ.

ನನ್ನ ವಿಷಯ ಬಾಳೆಗಿಡದ ಕ್ರೋಮೋಸೋಮುಗಳ ತುದಿ. ಜೀವಕೋಶದೊಳಗೆ ಡಿಎನ್‌ಎಯ ಉದ್ದುದ್ದ ಎಳೆಗಳಿರುತ್ತವೆ. ಅವುಗಳ ತುದಿಯನ್ನು ಬೆತ್ತಲೆ ಬಿಟ್ಟರೆ, ಎಳೆ ತುಂಡಾಗಿದೆ ಎಂದುಕೊಂಡು ಜೀವಕೋಶ ರಿಪೇರಿಗೆ ಹೊರಡುತ್ತದೆ, ಒಂದರ ತುದಿಯನ್ನು ಇನ್ನೊಂದಕ್ಕೆ ಅಂಟಿಸಿಬಿಡುತ್ತದೆ. ಆಮೇಲೆ ಎಲ್ಲ ಅಧ್ವಾನ. ಹಾಗಾಗದಂತೆ ಕೆಲವು ಪ್ರೋಟೀನುಗಳು ತುದಿಯನ್ನು ಬಿಗಿಯಾಗಿ ಹಿಡಿದು ಕೂತಿರುತ್ತವೆ. ಚಾಪೆ ಹೆಣೆದವರು ಕೊನೆಗೆ ಅಂಚು ಮಡಚಿ ಕಟ್ಟುತ್ತಾರಲ್ಲ, ಹಾಗೆ. ನಮ್ಮ ಬಾಳೆಯ ಆ ಪ್ರೋಟೀನು ತುದಿ ಹಿಡಿಯುವುದನ್ನು ಕಣ್ಣಾರೆ ತೋರಿಸಬೇಕು. ನನ್ನ ಹಟ ಇಷ್ಟೇ.

ಜೀವಕೋಶಗಳು ಭರದಿಂದ ಹೆಚ್ಚುವುದು ಪೂಂಬೆಯ, ಅಂದರೆ ಬಾಳೆಹೂವಿನ ಮೋತೆಯ, ಒಳಗಿನ ಬಿಳಿ ತಿರುಳಿನಲ್ಲಿ. ಹಿತ್ತಿಲಿನ ಪೂಂಬೆಗಳನ್ನು ಚೀಲಕ್ಕೆ ತುಂಬಿಸಿ ಬಸ್ಸಿನಲ್ಲಿ ಒಯ್ಯುತ್ತಿದ್ದೆ. "ಎಲ್ಲ ನಿನ್ನ ಲ್ಯಾಬಿಗೇ ಹೋದರೆ ಮನೆಯಲ್ಲಿ ಪಲ್ಯಕ್ಕೆ ಎಂತ ಉಂಟು?" ಎಂದು ಅಮ್ಮ ಗೊಣಗುತ್ತಿದ್ದಳು. ಲ್ಯಾಬಿನಲ್ಲಿ ಹೆಚ್ಚಿ, ತೂಗಿ, ಅರೆದರೆ ರಸ ಕರ್‍ರಗೆ. ಕಪ್ಪಾಯಿತೆಂದರೆ ಪ್ರೋಟೀನು ಕೆಟ್ಟಿತೆಂದೇ ಲೆಕ್ಕ. ವಿಟಮಿನ್ ಸಿ ಬೆರೆಸಿದ ತಣ್ಣನೆಯ ದ್ರಾವಣದಲ್ಲೇ ಅರೆಯುತ್ತಿದ್ದೆ. ಐಸ್ ಹೆಚ್ಚಿಸಿದೆ, ಕದಳಿ ಬಾಳೆ ಬಿಟ್ಟು ನೇಂದ್ರ ಬಾಳೆ ಹಿಡಿದೆ. ಊಹೂಂ.

ಆ ಸಂಜೆ ಮೇಡಂ ಹೇಳಿದ್ದನ್ನೆಲ್ಲ ಕೇಳಿದ ಅಮ್ಮ ಒಂದು ಪೂಂಬೆಯನ್ನು ತಂದು ನನ್ನ ಮುಂದಿಟ್ಟಳು. "ಮೋರೆ ಊದಿಸಿಕೊಂಡು ಕೂತರೆ ಎಂತ ಸಿಗುತ್ತದೆ? ಇದನ್ನಾದರೂ ಕೊಚ್ಚಿ ಕೊಡು."

ಈಳಿಗೆಯಂಥ ಮೆಟ್ಟುಕತ್ತಿ ಹಾಕಿ ಕೂತೆ. ಕತ್ತಿಯ ಕೆಳಗೆ ಯಾವಾಗಿನಂತೆ ಮಜ್ಜಿಗೆ ನೀರಿನ ಪಾತ್ರೆ. ಮೇಡಂ ಮೇಲಿನ ಸಿಟ್ಟನ್ನೆಲ್ಲ ಪೂಂಬೆಯ ಮೇಲೆ ತೀರಿಸುತ್ತಿದ್ದೆ. ಕೊಚ್ಚಿದ್ದು ಕೊಚ್ಚಿದ ಹಾಗೇ ನೀರಿಗೆ ಬೀಳುತ್ತಿತ್ತು. ಪಾತ್ರೆಯೊಳಗೆ ಕಣ್ಣು ಹೋದದ್ದೇ ಕೈ ನಿಂತಿತು. ಎಲ್ಲ ಬೆಳ್ಳಗೆ!

ಲ್ಯಾಬಿನಲ್ಲಿ ನಾನು ಮಾಡುತ್ತಿದ್ದದ್ದೇನು? ಒಣ ತಟ್ಟೆಯಲ್ಲಿ ಹೆಚ್ಚಿ, ತಕ್ಕಡಿಯಲ್ಲಿಟ್ಟು, ತೂಕ ಒಂದು ಕೂದಲೆಳೆಯೂ ತಪ್ಪಬಾರದೆಂದು ತೆಗೆದು ಹಾಕಿ, ಹಾಕಿ ತೆಗೆದು, ಕೊನೆಗೆ ದ್ರಾವಣಕ್ಕೆ ಸುರಿಯುವುದು. ಅಷ್ಟರಲ್ಲಿ ಗಾಳಿ ತಗಲಿ ಅದರ ಕಥೆ ಮುಗಿದಿರುತ್ತಿತ್ತು. ಲಂಗ ಹಾಕುವ ಪ್ರಾಯದಿಂದ ಪೂಂಬೆ ಕೊಚ್ಚಿದವಳು, ಬಿಳಿ ಕೋಟು ತೊಟ್ಟ ಕೂಡಲೇ ಮಜ್ಜಿಗೆ ನೀರನ್ನೇ ಮರೆತಿದ್ದೆ! ಗಟ್ಟಿಯಾಗಿ ನಗತೊಡಗಿದೆ.

"ಎಂತಾಯಿತೇ ನಿನಗೆ, ಮರುಳಾ?" ಎಂದು ಅಮ್ಮ ಒಳಗಿನಿಂದ ಓಡಿ ಬಂದಳು.

ಮರುದಿನ ದ್ರಾವಣದ ಪಾತ್ರೆಯನ್ನೇ ಮೊದಲು ತಕ್ಕಡಿಯ ಮೇಲಿಟ್ಟು, ಸೊನ್ನೆಗೆ ತಂದು, ತಿರುಳನ್ನು ನೇರ ಅದರೊಳಗೇ ಹೆಚ್ಚಿದೆ. ತೂಕವೂ ಸಿಕ್ಕಿತು, ಬಣ್ಣವೂ ಕೆಡಲಿಲ್ಲ. ಅರೆದರೆ ರಸ ಕಪ್ಪಾಗಲಿಲ್ಲ! ಪ್ರೋಟೀನು ತೆಗೆದು, ತುದಿಯ ಡಿಎನ್‌ಎ ಚೂರಿನ ಜೊತೆ ಬೆರೆಸಿ ಜೆಲ್ ಎಂಬ ಲೋಳೆಯ ಹಾಳೆಯ ಒಂದು ಸಾಲಿಗೆ ಹಾಕಿದೆ. ಪಕ್ಕದ ಸಾಲಿಗೆ ಅದೇ ಪ್ರೋಟೀನು, ಆದರೆ ತುದಿಯದ್ದಲ್ಲದ ಡಿಎನ್‌ಎ. ಕರೆಂಟು ಕೊಟ್ಟರೆ ಡಿಎನ್‌ಎ ಕೆಳಗೆ ಓಡುತ್ತದೆ. ಪ್ರೋಟೀನು ಹಿಡಿದುಕೊಂಡಿದ್ದರೆ ಭಾರಕ್ಕೆ ಮೇಲೆಯೇ ಉಳಿಯುತ್ತದೆ.

ಮೇಡಂ ಮತ್ತು ನಾನು ದೀಪ ಹಾಕಿ ನೋಡಿದೆವು. ಪಕ್ಕದ ಸಾಲಿನದ್ದು ತಳ ಸೇರಿತ್ತು. ನನ್ನ ತುದಿ ಮೇಲೆಯೇ ನಿಂತಿತ್ತು, ಹೊಳೆಯುವ ಒಂದು ಗೆರೆಯಾಗಿ.

ಮೇಡಂ ಕನ್ನಡಕ ಸರಿ ಮಾಡಿಕೊಂಡರು. "ಇನ್ನೊಮ್ಮೆ ಮಾಡು" ಎಂದರು. ಮಾಡಿದೆ, ಬೇರೆ ಪೂಂಬೆಯಿಂದ. ಮತ್ತೆ ಅದೇ ಗೆರೆ, ಅದೇ ಜಾಗದಲ್ಲಿ. ಮೇಡಂ ಗ್ಲೌಸು ಕಳಚಿ ನನ್ನ ಎರಡೂ ಕೈ ಹಿಡಿದು ಕುಲುಕಿದರು. "ವಿಷಯ ನಿನ್ನದೇ ಮೋಳೇ. ಇನ್ನು ಯಾರೂ ಮುಟ್ಟುವ ಹಾಗಿಲ್ಲ."

ವರಾಂಡಕ್ಕೆ ಓಡಿ ಅಮ್ಮನಿಗೆ ಫೋನು ಮಾಡಿದೆ. "ಅಮ್ಮಾ, ಹಿಡಿದುಕೊಂಡಿದೆ! ಎರಡು ಸಲವೂ ಹಿಡಿದುಕೊಂಡಿದೆ!"

"ಹಿಡಿಯದೆ ಮತ್ತೆ? ನಮ್ಮ ಹಿತ್ತಿಲ ಬಾಳೆ ಅಲ್ವಾ!" ಎಂದಳು ಅಮ್ಮ, ತಾನೇ ಗೆದ್ದವಳ ಹಾಗೆ. ಆಮೇಲೆ, "ಹಾಗಾದರೆ ಬೇರೆ ವಿಷಯ ಬೇಡ ಅಲ್ವಾ ಮಗಳೇ?" ಎಂದು ಎರಡೆರಡು ಸಲ ಕೇಳಿದಳು. ಅವಳೂ ನನ್ನಷ್ಟೇ ಹೆದರಿದ್ದಳೆಂದು ಆಗ ತಿಳಿದು ನನಗೆ ಅಳು ಬಂತು.

"ಬೇಡಮ್ಮ" ಎಂದೆ.

ಸಂಜೆ ಮನೆಗೆ ಬಂದರೆ ಹಿತ್ತಿಲಲ್ಲಿ ಒಂದೇ ಒಂದು ಪೂಂಬೆ ಇರಲಿಲ್ಲ. ಎಲ್ಲವನ್ನೂ ಕೊಯ್ದು ಜಗಲಿಯಲ್ಲಿ ರಾಶಿ ಹಾಕಿ, ಅಮ್ಮ ಪಕ್ಕದಲ್ಲೇ ಕೂತಿದ್ದಳು.

"ನಾಳೆಗೆ ಇಷ್ಟು ಸಾಕಾ?"