ರೊಟ್ಟಿ ತಿಂದ ಕೌದಿ

ಟ್ರಂಕಿನ ಮುಚ್ಚಳ ತೆಗೆದ ಕೂಡಲೇ ತಂಬಾಕಿನ ಘಾಟು ಮೂಗಿಗೆ ಬಡಿಯಿತು. ಒಳಗೆ ಹಳೇ ಸೀರೆಯ ತುಂಡು ಜೋಡಿಸಿ ಹೊಲಿದ ಕೌದಿ ಇತ್ತು. ಡ್ರಾಯಿಂಗ್ ಅಕ್ಕೋರ ತಮ್ಮ ಹೋದ ವಾರ ಬಂದು ಟ್ರಂಕು ಇಳಿಸಿ, "ಇದು ನಿಮಗ ಸೇರಬೇಕಂತ ಅಕ್ಕ ಹೇಳಿದ್ಳ್ರಿ" ಎಂದು ಚಹಾ ಕೂಡ ಕುಡಿಯದೆ ಹೋಗಿದ್ದರು. ಅಕ್ಕೋರು ತೀರಿಕೊಂಡ ಮೇಲೆ ಅವರ ಮನೆ ಖಾಲಿ ಮಾಡುತ್ತಿದ್ದರಂತೆ.

ಬೇಡಕಿಹಾಳದಲ್ಲಿ ಅಕ್ಕೋರು ನಮ್ಮ ಮಗ್ಗುಲ ಮನೆಯಲ್ಲೇ ಬಾಡಿಗೆಗೆ ಇದ್ದರು. ಶಾಲೆಯಲ್ಲಿ ಚಿತ್ರ ಕಲಿಸುವುದು ಅವರ ನೌಕರಿ. ಮನೆಯಲ್ಲಿ ಕೌದಿ ಹೊಲಿಯುತ್ತಿದ್ದರು, ಪದ ಹಾಡುತ್ತಿದ್ದರು, ಮೊಬೈಲು ನೋಡಿ ವಾಯರು ಬೆಸೆಯುವುದನ್ನೂ ಕಲಿತಿದ್ದರು. "ಈಕಿಗೆ ಒಂದು ಕೆಲಸ ನೆಟ್ಟಗ ಬರೂದಿಲ್ಲ, ಅದಕ್ಕ ನಾಕು ಹಿಡದಾಳ" ಎಂದು ಓಣಿಯವರು ಆಡಿಕೊಳ್ಳುತ್ತಿದ್ದರು. ಅಕ್ಕೋರಿಗೆ ಅದು ಗೊತ್ತಿತ್ತು. ಆಡಿಕೊಂಡವರ ಮನೆಗೇ ಹೋಗಿ ಹಳೇ ಸೀರೆ ಕೇಳುತ್ತಿದ್ದರು.

ಸೀರೆ ಕೊಟ್ಟ ಹೆಂಗಸರಿಂದಲೇ ಬೀಸುವ ಕಲ್ಲಿನ ಪದ ಹಾಡಿಸಿ ಮೊಬೈಲಿನಲ್ಲಿ ತುಂಬಿಕೊಂಡರು. ಯಾರ ಸೀರೆಯ ತುಂಡೋ ಅವರ ದನಿ. ತುಂಡಿನ ಕೆಳಗೆ ಕರೆಂಟು ಹರಿಯುವ ಬೆಳ್ಳಿಬಣ್ಣದ ದಾರ, ಒಂದು ಮೂಲೆಯಲ್ಲಿ ಸಣ್ಣ ಬೋರ್ಡು, ಬೀಡಿ ಕಟ್ಟಿನಷ್ಟು ದಪ್ಪದ ಸ್ಪೀಕರು. ಕೈ ಇಟ್ಟರೆ ಕೌದಿ ಹಾಡಬೇಕು. ನಾನಾಗ ಚಿಕ್ಕೋಡಿಗೆ ಬಿ.ಎಸ್ಸಿ.ಗೆ ಹೋಗುತ್ತಿದ್ದೆ. ನಮ್ಮ ವಂಶದಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು, ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆದರೆ ವಾಯರು ಬೆಸೆಯುವ ಕಡ್ಡಿ ಹಿಡಿಯಲು ಕಲಿತದ್ದು ಅಕ್ಕೋರ ಪಡಸಾಲೆಯಲ್ಲಿ.

ಅವ್ವ ನಿಪ್ಪಾಣಿಯಲ್ಲಿ ತಂಬಾಕು ತುಂಬಿಡುವ ವಖಾರಿನಲ್ಲಿ ಕೆಲಸಕ್ಕಿದ್ದಳು. ಅವಳ ಸೀರೆ ತೊಳೆದು ಕೊಡುತ್ತೇನೆಂದರೆ ಅಕ್ಕೋರು ಬಿಡಲಿಲ್ಲ. "ವಾಸನಿ ಹೋದ್ರ ಇದು ಯಾರ ಸೀರಿ ಅಂತ ಹೆಂಗ ಗೊತ್ತಾಗಬೇಕ?" ಎಂದರು. ಅವ್ವನ ಪದ ಅರ್ಧ ಕನ್ನಡ, ಅರ್ಧ ಮರಾಠಿ. ತಂಬಾಕಿನ ಧೂಳು ಎದೆಗೆ ಇಳಿದಿದ್ದರಿಂದ ನಡುವೆ ಉಸಿರು ಕಡಿಯುತ್ತಿತ್ತು... ತನ್ನ ಹಾಡು ತಾನು ಕೇಳಬೇಕೆಂದು ಅವಳಿಗೆ ಬಹಳ ಆಸೆ. ಕೌದಿಯನ್ನು ಬೆಳಗಾವಿಯ ಕಲಾಪ್ರದರ್ಶನದಲ್ಲಿ ಇಡುವುದಿತ್ತು, ಅಲ್ಲೇ ಕೇಳಿಸುತ್ತೇನೆಂದು ಅಕ್ಕೋರು ಹೇಳಿದ್ದರು.

ಕೊನೆಯ ಮೂಲೆ ಹೊಲಿಯುವ ದಿನ ಅವ್ವ ಸೆರಗಿನಲ್ಲಿ ಜೋಳದ ರೊಟ್ಟಿಯ ಚೂರು ತಂದಳು. ನಮ್ಮಲ್ಲಿ ಕೌದಿಯ ಬಾಯಿ ಮುಚ್ಚುವ ಮೊದಲು ಒಳಗೆ ಒಂದು ತುತ್ತು ಇಡುತ್ತಾರೆ. ಹಸಿದ ಕೌದಿಯನ್ನು ಯಾರಿಗೂ ಹೊದಿಸಬಾರದು.

"ಬ್ಯಾಡವ್ವಾ, ಒಳಗ ವಾಯರ್ ಅದಾವ. ಇಲಿ ಬರ್ತಾವ" ಎಂದೆ.

"ನಿನ್ನ ವಾಯರಿಗೆ ಸೆಲ್ ತಿನಸ್ತೀ, ಕೌದಿ ಉಪಾಸ ಇರಬೇಕೇನ?"

ಅಕ್ಕೋರು ನಕ್ಕರು. ಅವ್ವನನ್ನು ಅವರು ವೈನಿ, ಅಂದರೆ ಅತ್ತಿಗೆ, ಎಂದೇ ಕರೆಯುತ್ತಿದ್ದರು. "ವೈನಿ ಹೇಳೂದು ಖರೆ ಐತಿ. ತುತ್ತು ಇಡಲಿಲ್ಲಂದ್ರ ಇದು ಕೌದಿ ಅಲ್ಲ, ವಾಯರಿನ ಗಂಟು."

ಬೆಳಗಾವಿಯಲ್ಲಿ ಕೌದಿ ಕಟ್ಟಿದ್ದ ಗಂಟು ಬಿಚ್ಚಿದಾಗ ಮೂಲೆ ಹರಿದಿತ್ತು. ಇಲಿ ರೊಟ್ಟಿ ತಿಂದು, ಪಕ್ಕದ ವಾಯರನ್ನೂ ಕಡಿದಿತ್ತು. ಉಳಿದ ತುಂಡುಗಳೆಲ್ಲ ಹಾಡಿದವು. ಆ ಮೂಲೆಯಲ್ಲಿದ್ದ ಅವ್ವನ ತುಂಡು ಮಾತ್ರ ಸುಮ್ಮನಿತ್ತು. ಬೆಸೆಯುವ ಕಡ್ಡಿ ಊರಲ್ಲೇ ಉಳಿದಿತ್ತು. ಆ ದಿನದ ಪಗಾರ ಬಿಟ್ಟು ಬಂದಿದ್ದ ಅವ್ವ ತನ್ನ ಸೀರೆಯ ಮೇಲೆ ಅಂಗೈ ಒತ್ತಿ ಒತ್ತಿ ನೋಡಿದಳು. ನನಗೆ ಸಿಟ್ಟೂ ಬಂತು, ಅಳುವೂ ಬಂತು.

ಅಕ್ಕೋರು ಕೌದಿಯ ಪಕ್ಕದಲ್ಲಿ ಚಾಪೆ ಹಾಸಿದರು. "ವೈನಿ, ಇಲಿ ನಿಮ್ಮ ಹಾಡ ತಿಂದೈತಿ. ರೊಟ್ಟಿ ಇಟ್ಟಾವ್ರು ನೀವು, ಈಗ ಹಾಡಾವ್ರೂ ನೀವ."

"ಇಷ್ಟು ಮಂದಿ ಮುಂದ? ನಿಮಗೇನ ಹುಚ್ಚೇನ್ರಿ ಅಕ್ಕೋರ?"

ಆದರೂ ಕುಳಿತಳು. ಆ ತುಂಡಿನ ಮೇಲೆ ಯಾರಾದರೂ ಕೈ ಇಟ್ಟರೆ ತಲೆ ತಗ್ಗಿಸಿ ತಾನೇ ಹಾಡಿದಳು. ಬಂದವರು ಇದೂ ಕಲೆಯ ಭಾಗವೇ ಇರಬೇಕು ಎಂದುಕೊಂಡರು. ಒಬ್ಬ ಹುಡುಗ ಮತ್ತೆ ಮತ್ತೆ ಕೈ ಇಡುತ್ತಲೇ ಇದ್ದ. ಅವ್ವ ತಲೆಯೆತ್ತಿ, "ಸಾಕೋ ತಮ್ಮಾ, ನನ್ನ ಸೆಲ್ ಮುಗಿಯಾಕ ಬಂತು" ಎಂದಳು. ಅಕ್ಕೋರು ಅಷ್ಟು ನಕ್ಕದ್ದನ್ನು ನಾನು ಮತ್ತೆ ನೋಡಲಿಲ್ಲ...

ಊರಿಗೆ ಬಂದ ಮೇಲೆ ರಿಪೇರಿ ಮಾಡುತ್ತೇನೆಂದಿದ್ದರು. ಅಷ್ಟರಲ್ಲಿ ಅಕ್ಕೋರು ಕಾಯಿಲೆ ಬಿದ್ದರು. ಮಿರಜಿನ ದವಾಖಾನೆ, ಮನೆ, ಮತ್ತೆ ಮಿರಜ. ನನಗೂ ಅಥಣಿಯ ಕಡೆ ಮಾಸ್ತರಿಕೆ ಸಿಕ್ಕಿತು, ಅವ್ವನನ್ನು ಕರೆದುಕೊಂಡು ಇಲ್ಲಿಗೆ ಬಂದೆ. ಅವ್ವನ ಹಾಡು ಹಾಗೆಯೇ ಉಳಿಯಿತು.

ನಿನ್ನೆ ಭಾನುವಾರ ಮೂಲೆ ಬಿಚ್ಚಿ, ಹೊಸ ಸೆಲ್ಲು ಹಾಕಿ, ವಾಯರು ಬೆಸೆದೆ. ಅವ್ವನನ್ನು ಕರೆದು ಕೂರಿಸಿದೆ. ಅವಳು ಕೈ ಇಟ್ಟಳು. ಮೊದಲು ಬಂದದ್ದು ಅವಳ ದನಿಯಲ್ಲ.

"ಹೂಂ... ಹಾಡ್ರಿ ವೈನಿ."

ಉಳಿದವರ ಹಾಡಿನ ಮುಂದಿದ್ದ ತಮ್ಮ ಮಾತನ್ನೆಲ್ಲ ಅಕ್ಕೋರು ಕತ್ತರಿಸಿ ತೆಗೆದಿದ್ದರು. ಇಲ್ಲಿ ಅವರ ಮಾತು ಮುಗಿಯುವ ಮೊದಲೇ ಅವ್ವ ಪದ ಎತ್ತಿಬಿಟ್ಟಿದ್ದಳು. ಕತ್ತರಿಸಿದರೆ ಹಾಡಿನ ತಲೆಯೂ ಹೋಗುತ್ತಿತ್ತು, ಅದಕ್ಕೇ ಬಿಟ್ಟಿರಬೇಕು. ಇಡೀ ಕೌದಿಯಲ್ಲಿ ಅವರ ದನಿ ಇರುವುದು ಅಷ್ಟೇ.

ಅವ್ವ ತನ್ನ ಹಾಡನ್ನು ಪೂರ್ತಿ ಕೇಳಿದಳು. ಉಸಿರು ಕಡಿದ ಕಡೆ ತಾನೂ ಉಸಿರು ಹಿಡಿದಳು. ಆಮೇಲೆ, "ಮೊದಲಿಂದ ಹಚ್ಚ. ಅಕ್ಕೋರದ್ದು ಇನ್ನೊಮ್ಮೆ ಕೇಳೂಣು" ಎಂದಳು.

ಎಷ್ಟೋ ಸಲ ಕೇಳಿದೆವು. ನಾನು ಮೂಲೆ ಹೊಲಿಯಲು ಸೂಜಿ ಪೋಣಿಸುತ್ತಿದ್ದಾಗ ಅವ್ವ ಒಳಗೆ ಹೋಗಿ ರೊಟ್ಟಿಯ ಚೂರು ತಂದು ನನ್ನ ಅಂಗೈಯಲ್ಲಿಟ್ಟಳು. ಈ ಸಲ ನಾನೇ ಅದನ್ನು ಒಳಗಿಟ್ಟು ಹೊಲಿದೆ.